ಅಂತರ್ಜಾಲ ಮತ್ತು ವೃತ್ತಿಬಾಂಧವ್ಯ: ಪರಿಚಯದಿಂದ ವಿಶ್ವಾಸದವರೆಗೆ

ಪೀಠಿಕೆ

ಊರು ಬಿಟ್ಟು ಪರಸ್ಥಳಕ್ಕೆ ದುಡಿಯಲು ಹೊರಟ ಕನ್ನಡಿಗನ ಜೇಬಿನಲ್ಲಿ ಹಿಂದೆ ಅನೇಕ ವೇಳೆ ಒಂದು ಚೀಟಿ ಇರುತ್ತಿತ್ತು. ಊರಿನ ಮಾಸ್ತರರೋ ಹಿರಿಯರೊಬ್ಬರೋ ಬರೆದುಕೊಟ್ಟ ಆ ಚೀಟಿಯನ್ನು ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ನೆಲೆಸಿದ್ದ ಊರಿನವರಿಗೆ ತಲುಪಿಸಿದರೆ ರಾತ್ರಿ ತಲೆಯೂರಲು ಸ್ಥಳವೂ ಬೆಳಗಾದರೆ ಮಾಡಲು ಒಂದು ಕೆಲಸವೂ ದೊರೆಯುವ ಸಂಭವವಿತ್ತು. ಕರಾವಳಿಯಿಂದ ಹೋದ ಎಷ್ಟೋ ಮಂದಿ ತರುಣರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, ಗುಮಾಸ್ತರಾಗಿ, ವಕೀಲರಾಗಿ, ಉದ್ಯಮಿಗಳಾಗಿ ಮುಂದೆ ಬಂದುದು ಇಂತಹ ಪರಿಚಯಗಳ ಆಸರೆಯಿಂದಲೇ. ಮುಂಬಯಿಯಲ್ಲಿ 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಮೊದಲಾದ ಸಂಸ್ಥೆಗಳು ಹೊರನಾಡಿಗರು ಒಬ್ಬರನ್ನೊಬ್ಬರು ಅರಿಯುವ ತಾಣಗಳಾಗಿ ಬೆಳೆದವು.

ಆ ಚೀಟಿಯಲ್ಲಿ ಬರೆದಿರುತ್ತಿದ್ದುದು ಎರಡೇ ಸಾಲು. ಆದರೆ ಅದರ ಹಿಂದೆ ಬರೆದುಕೊಟ್ಟವರ ಮರ್ಯಾದೆ ಇರುತ್ತಿತ್ತು. ಚೀಟಿ ತಂದವನು ಕೆಲಸಗಳ್ಳನಾದರೆ ಕೆಡುತ್ತಿದ್ದುದು ಅವನ ಹೆಸರೊಂದೇ ಅಲ್ಲ, ಬರೆದುಕೊಟ್ಟವರ ಹೆಸರೂ ಕೆಡುತ್ತಿತ್ತು. ಇದನ್ನು ಅರಿತೇ ಬರೆಯುವವರು ಯೋಚಿಸಿ ಬರೆಯುತ್ತಿದ್ದರು. ತಂದವನೂ ಅದನ್ನು ಉಳಿಸಿಕೊಳ್ಳಲು ಶ್ರಮಿಸುತ್ತಿದ್ದನು.

ಇಂದು ಈ ಚೀಟಿಯ ಕೆಲಸವನ್ನು ಬಹುಮಟ್ಟಿಗೆ ಅಂತರ್ಜಾಲವೇ ನಿರ್ವಹಿಸುತ್ತಿದೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆಯಲಾರಂಭಿಸಿದುದು 1995ರ ಆಗಸ್ಟ್ 15ರಂದು. ವೃತ್ತಿಸಂಪರ್ಕಕ್ಕೆಂದೇ ರೂಪಿಸಲಾದ ಲಿಂಕ್ಡ್‌ಇನ್ ಎಂಬ ಜಾಲತಾಣವು 2003ರ ಮೇ ತಿಂಗಳಿನಲ್ಲಿ ಬಳಕೆಗೆ ಬಂದಿತು. ಚೆನ್ನೈನ ಕಾರ್ಖಾನೆಯೊಂದರ ತಂತ್ರಜ್ಞನು ದೆಹಲಿಯ ಹಿರಿಯ ಇಂಜಿನಿಯರರಿಗೆ ಅರೆನಿಮಿಷದಲ್ಲಿ ಸಂದೇಶ ಕಳುಹಿಸುವುದು ಈಗ ಸಾಧ್ಯವಾಗಿದೆ. ಆದರೆ ಹಳೆಯ ಚೀಟಿಯ ಹಿಂದಿದ್ದ ಹೊಣೆಗಾರಿಕೆ ಈ ಸಂದೇಶದ ಹಿಂದೆ ತಾನಾಗಿಯೇ ಬರುವುದಿಲ್ಲ. ಅದನ್ನು ನಾವೇ ನಿಧಾನವಾಗಿ ಸಂಪಾದಿಸಬೇಕಾಗುತ್ತದೆ. ಅದನ್ನು ಸಂಪಾದಿಸುವ ಬಗೆಯನ್ನು ವಿವರಿಸುವುದೇ ಈ ಪಾಠದ ಉದ್ದೇಶ.

ದೂರದ ಪರಿಚಯದ ಪ್ರಯೋಜನ

ಆಪ್ತರಾದವರೇ ಕೆಲಸಕ್ಕೆ ನೆರವಾಗುತ್ತಾರೆಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಪರೀಕ್ಷೆಗೆ ಒಡ್ಡಿದರು. ಬೋಸ್ಟನ್ ನಗರದ ಹೊರವಲಯದಲ್ಲಿ ಆಗತಾನೆ ಕೆಲಸ ಬದಲಾಯಿಸಿದ್ದ ವೃತ್ತಿನಿರತರನ್ನು ಅವರು ಸಂದರ್ಶಿಸಿದರು. ಪರಿಚಿತರ ಮೂಲಕ ಕೆಲಸ ಪಡೆದಿದ್ದವರನ್ನು, ಆ ಪರಿಚಿತರನ್ನು ಅವರು ಎಷ್ಟು ಬಾರಿ ಭೇಟಿಯಾಗುತ್ತಿದ್ದರೆಂದು ಪ್ರಶ್ನಿಸಿದರು. ಪದೇ ಪದೇ ಭೇಟಿಯಾಗುತ್ತಿದ್ದೆವು ಎಂದವರು ಶೇ. 16.7ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ. 55.6ರಷ್ಟು, ತೀರ ಅಪರೂಪ ಎಂದವರು ಶೇ. 27.8ರಷ್ಟು. ಅವರ ಈ ಲೇಖನ 1973ರಲ್ಲಿ ಪ್ರಕಟವಾಯಿತು.

ಇದರ ಕಾರಣ ಸರಳವಾಗಿದೆ. ನಮ್ಮ ಆಪ್ತರು ನಮ್ಮ ನಡುವೆಯೇ ಇರುವವರು. ನಮಗೆ ಗೊತ್ತಿರುವ ಸಂಗತಿಗಳೇ ಅವರಿಗೂ ಗೊತ್ತಿರುತ್ತವೆ. ದೂರದ ಪರಿಚಿತರಾದರೋ ಬೇರೆ ವಲಯದಲ್ಲಿ ಓಡಾಡುತ್ತಾರೆ. ಹೊಸ ಸುದ್ದಿ ಅವರಿಂದ ಬರುತ್ತದೆ. ಎರಡು ಕೋಟಿಗೂ ಹೆಚ್ಚು ಲಿಂಕ್ಡ್‌ಇನ್ ಬಳಕೆದಾರರನ್ನು ಒಳಗೊಂಡು ಐದು ವರ್ಷಗಳ ಕಾಲ ನಡೆದ ಪ್ರಯೋಗಗಳ ಫಲಿತಾಂಶವು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀರ ಆಪ್ತರೂ ಅಲ್ಲದ, ತೀರ ಅಪರಿಚಿತರೂ ಅಲ್ಲದ ಮಧ್ಯಮ ಪರಿಚಯಗಳೇ ಕೆಲಸ ಬದಲಾವಣೆಗೆ ಹೆಚ್ಚು ನೆರವಾಗುತ್ತವೆಂಬುದು ಅದರ ಮುಖ್ಯ ನಿಷ್ಕರ್ಷೆ. ಗಣಕತಂತ್ರಜ್ಞಾನದ ಬಳಕೆ ಕಡಿಮೆಯಿರುವ ಉದ್ಯಮಗಳಲ್ಲಿ ಮಾತ್ರ ಗಾಢವಾದ ಪರಿಚಯಗಳೇ ಹೆಚ್ಚು ಫಲಕಾರಿಯಾಗಿ ಕಂಡುಬಂದವು.

ಇದನ್ನು ಓದಿದವರು ಸಿಕ್ಕಸಿಕ್ಕವರಿಗೆಲ್ಲ ಸಂಪರ್ಕ ಕೋರಿಕೆ ಕಳುಹಿಸಲು ತೊಡಗಬಾರದು. ಮಧ್ಯಮ ಪರಿಚಯವೂ ಒಂದು ಪರಿಚಯವೇ. ನಾವು ಏನು ಮಾಡಬಲ್ಲೆವೆಂಬುದು ಅವರಿಗೆ ಸ್ವಲ್ಪವಾದರೂ ತಿಳಿದಿರಬೇಕು. ಐದು ಸಾವಿರ ಹೆಸರುಗಳ ಪಟ್ಟಿಯಲ್ಲಿ ನಮ್ಮ ಕೆಲಸವನ್ನು ಕಂಡವರು ಐವರೂ ಇಲ್ಲವೆಂದರೆ ಆ ಪಟ್ಟಿ ಊರಿನ ದೂರವಾಣಿ ಪುಸ್ತಕಕ್ಕಿಂತ ಹೆಚ್ಚಿನದಲ್ಲ.

ಒಂದು ಪತ್ರ ಕಲಿಸುವ ಪಾಠ

ಅಪರಿಚಿತರೊಡನೆ ವೃತ್ತಿಬಾಂಧವ್ಯವನ್ನು ಬೆಳೆಸಿಕೊಳ್ಳುವ ಬಗೆಗೆ ನಮ್ಮ ದೇಶದ ಇತಿಹಾಸದಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. ಅದು ಅಂತರ್ಜಾಲಕ್ಕಿಂತ ಬಹಳ ಹಿಂದಿನದಾದರೂ ಅದರಲ್ಲಿರುವ ಪಾಠ ಇಂದಿಗೂ ಅನ್ವಯಿಸುತ್ತದೆ.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರಿಗೆ ಕಾಲೇಜಿನ ಪದವಿ ಇರಲಿಲ್ಲ. ಕೆಲಸ ಹುಡುಕುತ್ತ ಅವರು ಭಾರತೀಯ ಗಣಿತ ಸಂಘದ ಸ್ಥಾಪಕರಾದ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡು ತಮ್ಮ ಟಿಪ್ಪಣಿ ಪುಸ್ತಕಗಳನ್ನು ತೋರಿಸಿದರು. ಅದನ್ನು ನೋಡಿದ ಅಯ್ಯರ್ ಅವರು ಮದರಾಸಿನ ತಮ್ಮ ಗಣಿತಜ್ಞ ಮಿತ್ರರಿಗೆ ಪರಿಚಯ ಪತ್ರ ಬರೆದುಕೊಟ್ಟರು. ಹೀಗೆ ಒಬ್ಬರಿಂದ ಒಬ್ಬರಿಗೆ ಸಾಗಿದ ಪರಿಚಯವು ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರ ರಾವ್ ಅವರವರೆಗೆ ತಲುಪಿತು. ಅವರು ಕೆಲಕಾಲ ತಿಂಗಳ ಖರ್ಚಿಗೆ ಹಣ ಕೊಟ್ಟರು. 1912ರಲ್ಲಿ ರಾಮಾನುಜನ್ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿ ಸೇರಿದರು.

1913ರ ಜನವರಿ 16ರಂದು ಅವರು ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿ ಅವರಿಗೆ ಪತ್ರ ಬರೆದರು. ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ತಾವು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತರೆಂಬುದನ್ನೂ ತಮಗೆ ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲವೆಂಬುದನ್ನೂ ಅವರು ಪ್ರಾರಂಭದಲ್ಲಿಯೇ ಮುಚ್ಚುಮರೆಯಿಲ್ಲದೆ ತಿಳಿಸಿದರು. ಹಾರ್ಡಿ ಅವರ ಪ್ರಕಟಿತ ಬರಹವೊಂದನ್ನು ಓದಿರುವುದಾಗಿ ಹೇಳಿ, ಅದಕ್ಕೆ ಸಂಬಂಧಿಸಿದ ತಮ್ಮ ಫಲಿತಾಂಶವನ್ನು ಸೂಚಿಸಿದರು. ಜೊತೆಗೆ ನೂರರಷ್ಟು ಪ್ರಮೇಯಗಳನ್ನು ಬರೆದು ಲಗತ್ತಿಸಿದರು. ಇವುಗಳಲ್ಲಿ ಬೆಲೆಯುಳ್ಳದ್ದೇನಾದರೂ ಇದೆಯೇ ಎಂಬ ಅಭಿಪ್ರಾಯವನ್ನೂ, ಪ್ರಕಟಣೆಯ ಬಗೆಗೆ ಸಲಹೆಯನ್ನೂ ಕೋರಿದರು.

ಹಾರ್ಡಿ ಅವರಿಗೆ ಮೊದಲು ಇದು ಮೋಸವಿರಬಹುದೇ ಎಂಬ ಸಂದೇಹ ಬಂದಿತು. ಸಹೋದ್ಯೋಗಿ ಲಿಟಲ್‌ವುಡ್ ಅವರೊಡನೆ ಕುಳಿತು ಪ್ರಮೇಯಗಳನ್ನು ಪರಿಶೀಲಿಸಿದ ಮೇಲೆ ಸಂದೇಹ ದೂರವಾಯಿತು. ಫೆಬ್ರವರಿಯಲ್ಲಿ ಉತ್ತರ ಬರೆದು ಅವರು ಸಾಧನೆಗಳನ್ನು ಕಳುಹಿಸುವಂತೆ ಕೇಳಿದರು. ಅದೇ ವರ್ಷ ಮದರಾಸು ವಿಶ್ವವಿದ್ಯಾನಿಲಯವು ರಾಮಾನುಜನ್ ಅವರಿಗೆ ತಿಂಗಳಿಗೆ 75 ರೂಪಾಯಿಗಳ ಸಂಶೋಧನಾ ವೇತನ ನೀಡಿತು. 1914ರಲ್ಲಿ ಅವರು ಕೇಂಬ್ರಿಜ್‌ಗೆ ತೆರಳಿದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ರಾಮಾನುಜನ್ ಅವರ ಪ್ರತಿಭೆ ನಮ್ಮೆಲ್ಲರಿಗೂ ಇಲ್ಲ. ಆದರೆ ಅವರು ಪತ್ರ ಬರೆದ ಕ್ರಮವನ್ನು ಯಾರು ಬೇಕಾದರೂ ಅನುಸರಿಸಬಹುದು. ಅದರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಬಹುದಾಗಿದೆ:

1. ತಾವು ಯಾರೆಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿಸಿದುದು.
2. ಎದುರಿನವರ ಕೆಲಸವನ್ನು ಓದಿ ತಿಳಿದ ಮೇಲೆ ಬರೆದುದು.
3. ಮಾತಿಗೆ ಬದಲಾಗಿ ತಮ್ಮ ಕೆಲಸವನ್ನೇ ಮುಂದಿಟ್ಟುದು.
4. ಅವರು ಕೊಡಬಲ್ಲಂತಹುದನ್ನು ಮಾತ್ರ ಕೇಳಿದುದು.

ಕೇಂಬ್ರಿಜ್‌ನ ಇತರ ಗಣಿತಜ್ಞರಿಗೂ ಅವರು ಬರೆದಿದ್ದರು. ಅಲ್ಲಿಂದ ನೆರವು ದೊರೆಯಲಿಲ್ಲ. ಉತ್ತರ ಬಾರದ ಪತ್ರ ಅವಮಾನವಲ್ಲವೆಂಬ ಐದನೆಯ ಪಾಠವನ್ನೂ ಇದರಿಂದ ಕಲಿಯಬಹುದು.

ಸ್ವಪರಿಚಯ ಬರೆಯುವ ಕ್ರಮ

ಜಾಲತಾಣದಲ್ಲಿ ನಮ್ಮ ಹೆಸರಿನೊಂದಿಗೆ ಕಾಣುವ ಸ್ವಪರಿಚಯದ ಪುಟವು ಅಪರಿಚಿತರಿಗೆ ನಮ್ಮ ಮನೆಯ ಹೆಬ್ಬಾಗಿಲಿದ್ದಂತೆ. ‘ಕಠಿಣ ಪರಿಶ್ರಮಿ’, ‘ನಾಯಕತ್ವ ಗುಣವುಳ್ಳವರು’ ಎಂಬ ವಿಶೇಷಣಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಾದುದರಿಂದ ಅವುಗಳನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಯಾವ ಕೆಲಸವನ್ನು, ಎಲ್ಲಿ, ಎಷ್ಟು ಕಾಲ ಮಾಡಿದ್ದೇವೆ, ಅದರಿಂದ ಏನಾಯಿತು ಎಂಬುದನ್ನು ತಿಳಿಸಬೇಕು. ‘ಗೋದಾಮಿನ ದಾಸ್ತಾನು ಲೆಕ್ಕವನ್ನು ಕೈಬರಹದಿಂದ ಗಣಕಯಂತ್ರಕ್ಕೆ ವರ್ಗಾಯಿಸಿದ ಐವರ ತಂಡದಲ್ಲಿ ದುಡಿದೆ’ ಎಂಬ ಒಂದು ವಾಕ್ಯ ಹತ್ತು ವಿಶೇಷಣಗಳಿಗಿಂತ ಹೆಚ್ಚು ತಿಳಿಸುತ್ತದೆ. ‘ತಂಡದಲ್ಲಿ’ ಎಂಬ ಮಾತನ್ನು ಬಿಟ್ಟು ಎಲ್ಲವನ್ನೂ ತಾನೇ ಮಾಡಿದಂತೆ ಬರೆದರೆ, ಅದೇ ಪುಟವನ್ನು ಉಳಿದ ನಾಲ್ವರೂ ಓದುತ್ತಾರೆಂಬುದನ್ನು ಮರೆಯಬಾರದು.

ಕೆಲಸ ಕಣ್ಣಿಗೆ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಯಾವ ಖಾತೆಯಿಂದ ಯಾವ ತಿದ್ದುಪಡಿ ಆಯಿತೆಂಬುದು ದಿನಾಂಕಸಹಿತ ಉಳಿದಿರುತ್ತದೆ. ಬರಹ, ಅನುವಾದ, ಸಂಪಾದನೆಗಳಲ್ಲಿ ಆಸಕ್ತಿಯುಳ್ಳವರಿಗೆ ಇಂತಹ ಸಾರ್ವಜನಿಕ ಕೆಲಸವೇ ಒಂದು ಅರ್ಹತಾಪತ್ರ. ಪರಸ್ಪರ ಮುಖ ಕಾಣದವರು ಒಂದೇ ಲೇಖನವನ್ನು ತಿದ್ದುತ್ತ ಒಬ್ಬರ ಶ್ರದ್ಧೆಯನ್ನು ಮತ್ತೊಬ್ಬರು ಅರಿಯುವುದು ಅಲ್ಲಿ ಸಾಧ್ಯವಾಗುತ್ತದೆ.

ಮೊದಲ ಪತ್ರ

ಈ ಕೆಳಗಿನ ಪತ್ರವನ್ನು ಪರಿಶೀಲಿಸಿ:

‘ಮಾನ್ಯರೇ, ನಾನು ಬಿ.ಕಾಂ. ಪದವೀಧರ. ತಮ್ಮ ಕಂಪನಿಯಲ್ಲಿ ಯಾವುದಾದರೂ ಕೆಲಸವಿದ್ದರೆ ದಯವಿಟ್ಟು ಕೊಡಿಸಿ.’

ಇದರಲ್ಲಿ ವಿನಯದ ಕೊರತೆಯಿಲ್ಲ. ಆದರೆ ಓದಿದವರು ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಬರೆದವರ ಕೆಲಸ ಗೊತ್ತಿಲ್ಲ, ಕೆಲಸ ಕೊಡಿಸುವ ಅಧಿಕಾರ ಓದುವವರಿಗೆ ಇರಬೇಕೆಂದೇನೂ ಇಲ್ಲ. ಇದೇ ವ್ಯಕ್ತಿ ಹೀಗೆ ಬರೆಯಬಹುದಾಗಿತ್ತು:

‘ಮಾನ್ಯರೇ, ವಂದನೆಗಳು. ನಾನು ಹೈದರಾಬಾದಿನ ಔಷಧಿ ಸಗಟು ಮಳಿಗೆಯೊಂದರಲ್ಲಿ ನಾಲ್ಕು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಸರಕು ಮತ್ತು ಸೇವಾ ತೆರಿಗೆಯನ್ನು ಕುರಿತ ತಮ್ಮ ಲೇಖನವನ್ನು ಓದಿದೆ. ಅವಧಿ ಮೀರಿದ ಔಷಧಿಗಳು ವಾಪಸು ಬಂದಾಗ ನಾವು ದಾಖಲಿಸುವ ಕ್ರಮದ ಒಂದು ಪುಟದ ನಮೂನೆಯನ್ನು, ಮಾಲೀಕರ ಅನುಮತಿ ಪಡೆದು, ಗಿರಾಕಿಗಳ ಹೆಸರು ತೆಗೆದು ಲಗತ್ತಿಸಿದ್ದೇನೆ. ಇದರಲ್ಲಿ ಕ್ರೆಡಿಟ್ ನೋಟನ್ನು ನಮೂದಿಸಿರುವ ಕ್ರಮ ಸರಿಯೇ ಎಂಬುದನ್ನು ಬಿಡುವಾದಾಗ ತಿಳಿಸಿದರೆ ಉಪಕಾರವಾಗುತ್ತದೆ. ತಮಗೆ ಅನುಕೂಲವಾಗದಿದ್ದರೆ ಚಿಂತೆಯಿಲ್ಲ. ತಮ್ಮ ಲೇಖನದಿಂದ ನನಗೆ ಪ್ರಯೋಜನವಾಯಿತು.’

ಈ ಎರಡನೆಯ ಪತ್ರದಲ್ಲಿ ಕೆಲಸದ ಪ್ರಸ್ತಾಪವೇ ಇಲ್ಲವಲ್ಲ ಎಂದು ಕೆಲವರು ಕೇಳಬಹುದು. ಇಲ್ಲ ನಿಜ. ಆದರೆ ಇದನ್ನು ಓದಿದವರಿಗೆ ಹೈದರಾಬಾದಿನಲ್ಲಿ ಅಚ್ಚುಕಟ್ಟಾಗಿ ಲೆಕ್ಕ ಬರೆಯುವ, ಮಾಲೀಕರ ಗುಟ್ಟನ್ನು ಕಾಯುವ ಒಬ್ಬ ವ್ಯಕ್ತಿ ಇದ್ದಾರೆಂಬುದು ತಿಳಿದಿರುತ್ತದೆ. ಮುಂದೊಂದು ದಿನ ಯಾರಾದರೂ ಲೆಕ್ಕಿಗರನ್ನು ಹುಡುಕಿದಾಗ ನೆನಪಿಗೆ ಬರುವುದು ಈ ಪತ್ರ. ಕೆಲಸದ ಅಗತ್ಯ ತುರ್ತಾಗಿದ್ದರೆ ಅದನ್ನು ನೇರವಾಗಿ ಹೇಳುವುದರಲ್ಲಿ ತಪ್ಪೇನಿಲ್ಲ. ಆಗಲೂ ಎಂತಹ ಕೆಲಸ, ಯಾವ ಊರಿನಲ್ಲಿ, ಯಾವ ಅನುಭವದ ಆಧಾರದ ಮೇಲೆ ಎಂಬುದನ್ನು ಖಚಿತವಾಗಿ ತಿಳಿಸಬೇಕು.

ಉತ್ತರ ಬಂದ ನಂತರ

ಹೆಚ್ಚಿನ ಪರಿಚಯಗಳು ಬತ್ತಿಹೋಗುವುದು ಈ ಘಟ್ಟದಲ್ಲಿಯೇ. ಕೇಳಿದ ಸಲಹೆ ದೊರೆತೊಡನೆ ಕೇಳಿದವರು ಮೌನವಾಗುತ್ತಾರೆ. ಸಲಹೆಯಂತೆ ನಡೆದು ಏನಾಯಿತೆಂಬುದನ್ನು ನಾಲ್ಕು ದಿನದ ಮೇಲೆ ತಿಳಿಸುವುದು ಧನ್ಯವಾದಕ್ಕಿಂತ ಮಿಗಿಲಾದ ಧನ್ಯವಾದ.

ಈ ಲೇಖಕನ ಅನುಭವವೊಂದನ್ನು ಇಲ್ಲಿ ಹೇಳಬಹುದು. ಕೃಷಿಯನ್ನು ಕುರಿತ ಪುಸ್ತಿಕೆಯೊಂದನ್ನು ದೆಹಲಿಯಲ್ಲಿ ಅನುವಾದಿಸುತ್ತಿದ್ದಾಗ, ಬೆಳೆಯ ಸಾಲುಗಳ ನಡುವೆ ಮಾಡುವ ಉಳುಮೆಗೆ ‘ಅಂತರ ಬೇಸಾಯ’ ಎಂದು ಬರೆದೆ. ಮನಸ್ಸಿಗೆ ಒಪ್ಪಲಿಲ್ಲ. ಧಾರವಾಡದ ಕಡೆಯ ಕೃಷಿ ಅಧಿಕಾರಿಯೊಬ್ಬರನ್ನು ಜಾಲತಾಣದಲ್ಲಿ ಹುಡುಕಿ ಆ ವಾಕ್ಯವನ್ನಷ್ಟೇ ಕಳುಹಿಸಿ ಕೇಳಿದೆ. ‘ತಾವು ಬರೆದದ್ದು ತಪ್ಪಲ್ಲ. ಆದರೆ ನಮ್ಮ ರೈತರು ಎಡೆ ಹೊಡೆಯುವುದು ಅಂತಾರೆ. ಎಡೆಕುಂಟೆ ಅಂದರೆ ಯಾರಿಗಾದರೂ ತಿಳಿಯುತ್ತದೆ’ ಎಂದು ಅವರು ಬರೆದರು. ಪುಸ್ತಿಕೆ ಅಚ್ಚಾದ ಮೇಲೆ ಆ ಪುಟಕ್ಕೆ ಗುರುತು ಹಾಕಿ ಒಂದು ಪ್ರತಿಯನ್ನು ಅವರಿಗೆ ಅಂಚೆಯಲ್ಲಿ ಕಳುಹಿಸಿದೆ. ಅಲ್ಲಿಂದ ಮುಂದೆ ಅವರು ಇಂಗ್ಲಿಷಿನ ಸುತ್ತೋಲೆಗಳ ಅರ್ಥವನ್ನು ನನ್ನಲ್ಲಿ ಕೇಳಿದರು, ನಾನು ಹೊಲದ ಮಾತುಗಳನ್ನು ಅವರಲ್ಲಿ ಕೇಳಿದೆ. ನಾವು ಮುಖತಃ ಭೇಟಿಯಾದುದು ಆರು ವರ್ಷಗಳ ನಂತರ. ಅಷ್ಟರಲ್ಲಿ ಹೊಸದಾಗಿ ಪರಿಚಯ ಮಾಡಿಕೊಳ್ಳುವ ಅಗತ್ಯವೇ ಉಳಿದಿರಲಿಲ್ಲ.

ಕೊಡಲು ನಮ್ಮಲ್ಲೇನಿದೆ ಎಂದು ಕಿರಿಯರು ಹಿಂಜರಿಯುವುದುಂಟು. ಹಿರಿಯರೊಬ್ಬರ ಲೇಖನದಲ್ಲಿದ್ದ ಅಂಕಿಯ ತಪ್ಪನ್ನು ಖಾಸಗಿಯಾಗಿ, ಗೌರವದಿಂದ ತಿಳಿಸುವುದು ಒಂದು ಕೊಡುಗೆ. ತನಗೆ ಒದಗದ ಕೆಲಸದ ಸುದ್ದಿಯನ್ನು ಅದಕ್ಕೆ ತಕ್ಕ ಸ್ನೇಹಿತರಿಗೆ ಮುಟ್ಟಿಸುವುದು ಇನ್ನೊಂದು. ಕೆಲಸ ಕಳೆದುಕೊಂಡ ಸಹೋದ್ಯೋಗಿಗೆ ಎರಡು ಮಾತು ಬರೆಯುವುದು ಎಲ್ಲಕ್ಕಿಂತ ದೊಡ್ಡದು. ಆ ದಿನಗಳಲ್ಲಿ ಬರೆದವರನ್ನು ಯಾರೂ ಮರೆಯುವುದಿಲ್ಲ.

ಎಷ್ಟು ಜನರೊಡನೆ ಇಂತಹ ಸಂಬಂಧ ಸಾಧ್ಯ? ಮನುಷ್ಯನು ಸ್ಥಿರವಾಗಿ ಕಾಪಾಡಿಕೊಳ್ಳಬಲ್ಲ ಸಂಬಂಧಗಳು ಸುಮಾರು 150 ಎಂದು ಬ್ರಿಟಿಷ್ ವಿದ್ವಾಂಸ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ಅಂದಾಜು ಮಾಡಿದರು. ಈ ಸಂಖ್ಯೆಯ ಬಗೆಗೆ ಭಿನ್ನಾಭಿಪ್ರಾಯಗಳಿದ್ದರೂ ಮಿತಿಯೊಂದು ಇದೆಯೆಂಬುದು ಎಲ್ಲರ ಅನುಭವ. ಆದುದರಿಂದ ವೃತ್ತಿಗೆ ಸಂಬಂಧಿಸಿದ ಮೂವತ್ತು ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು, ಕೊನೆಯ ಬಾರಿ ಯಾವಾಗ, ಯಾವ ವಿಷಯಕ್ಕೆ ಬರೆದೆವೆಂಬುದನ್ನು ಗುರುತಿಟ್ಟುಕೊಳ್ಳುವುದು ಉಪಯುಕ್ತ. ಒಬ್ಬರ ಹೆಸರಿನ ಮುಂದೆ ಬರೀ ನಮ್ಮ ಕೋರಿಕೆಗಳೇ ಇದ್ದರೆ, ಆ ಪುಸ್ತಕವೇ ನಮ್ಮನ್ನು ಎಚ್ಚರಿಸುತ್ತದೆ.

ಶಿಫಾರಸಿನ ಹೊಣೆ

ಪೀಠಿಕೆಯಲ್ಲಿ ಹೇಳಿದ ಚೀಟಿಯ ವಿಷಯಕ್ಕೆ ಮರಳೋಣ. ಜಾಲತಾಣದಲ್ಲಿ ಒಬ್ಬರನ್ನು ಇನ್ನೊಬ್ಬರಿಗೆ ಪರಿಚಯಿಸುವುದು ಬೆರಳ ತುದಿಯ ಕೆಲಸವಾಗಿರುವುದರಿಂದ ಅದರ ತೂಕ ನಮಗೆ ತಿಳಿಯುವುದಿಲ್ಲ. ಈ ತಪ್ಪನ್ನು ನಾನೂ ಮಾಡಿದ್ದೇನೆ. ನಮ್ಮ ಜಿಲ್ಲೆಯವನೆಂಬ ಒಂದೇ ಕಾರಣಕ್ಕೆ, ಕೆಲಸವನ್ನು ನೋಡದೆ, ತರುಣನೊಬ್ಬನನ್ನು ‘ಒಳ್ಳೆಯ ಅನುವಾದಕ’ನೆಂದು ಪರಿಚಿತ ಸಂಪಾದಕರೊಬ್ಬರಿಗೆ ಬರೆದೆ. ಅವನು ಮುಂಗಡ ಹಣ ಪಡೆದು, ಅರ್ಧ ಪುಸ್ತಕಕ್ಕೆ ಕೈಬಿಟ್ಟನು. ಸಂಪಾದಕರು ನನ್ನನ್ನು ಏನೂ ಅನ್ನಲಿಲ್ಲ. ನನಗೆ ಬರೆಯುವುದನ್ನು ನಿಲ್ಲಿಸಿದರು. ಉಳಿದ ಪುಟಗಳಿಗೆ ಬೇರೊಬ್ಬರನ್ನು ಹುಡುಕಿಕೊಟ್ಟೆನಾದರೂ ಹಿಂದಿನ ವಿಶ್ವಾಸ ಮರಳಲು ಎರಡು ವರ್ಷ ಹಿಡಿಯಿತು.

ಕಣ್ಣಾರೆ ಕಂಡ ಕೆಲಸಕ್ಕೆ ಮಾತ್ರ ಶಿಫಾರಸು ಬರೆಯಬೇಕು. ಗೊತ್ತಿಲ್ಲದಿದ್ದರೆ ‘ಇವರು ನನ್ನ ಊರಿನವರು, ಇವರ ಕೆಲಸವನ್ನು ನಾನು ನೋಡಿಲ್ಲ, ತಾವೇ ಪರೀಕ್ಷಿಸಿ’ ಎಂದು ಬರೆಯಬಹುದು. ಹೀಗೆ ಬರೆದರೂ ಬಾಗಿಲು ತೆರೆಯುತ್ತದೆ, ಹೆಸರೂ ಉಳಿಯುತ್ತದೆ. ಪರಿಚಯಿಸುವ ಮುನ್ನ ಎರಡೂ ಕಡೆಯವರ ಒಪ್ಪಿಗೆ ಪಡೆಯುವುದು ಅವಶ್ಯಕ. ಭಾಷೆ, ಜಾತಿ, ಊರು ಒಂದೇ ಎಂಬುದು ಮಾತು ಆರಂಭಿಸಲು ಸಾಕು. ಅರ್ಹತೆಗೆ ಬದಲಾಗಿ ಅವುಗಳನ್ನು ಮುಂದಿಡುವುದು ಬೇರೆ ಅರ್ಹರಿಗೆ ಅನ್ಯಾಯ ಮಾಡಿದಂತೆ.

ಎಚ್ಚರಿಕೆಗಳು

ವಿಶ್ವಾಸದ ವೇಷ ಧರಿಸಿ ಬರುವ ವಂಚಕರು ಅಂತರ್ಜಾಲದಲ್ಲಿ ಕಡಿಮೆಯಿಲ್ಲ. ಥಾಯ್ಲೆಂಡಿನಲ್ಲಿ ಗಣಕಯಂತ್ರದ ಕೆಲಸವೆಂದು ಸಾಮಾಜಿಕ ಜಾಲತಾಣಗಳ ಮೂಲಕ ಆಮಿಷ ತೋರಿಸಿ, ಭಾರತೀಯ ಯುವಕರನ್ನು ಮ್ಯಾನ್ಮಾರಿಗೆ ಸಾಗಿಸಿ ವಂಚನೆಯ ಕೇಂದ್ರಗಳಲ್ಲಿ ಬಲವಂತವಾಗಿ ದುಡಿಸುತ್ತಿದ್ದ ಸಂಗತಿ ಬೆಳಕಿಗೆ ಬಂದು, 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವು ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು. ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡುವುದು ಒಳಿತು:

1. ಕೆಲಸ ಕೊಡಿಸಲು ಮುಂಗಡ ಹಣ, ‘ನೋಂದಣಿ ಶುಲ್ಕ’ ಅಥವಾ ‘ತರಬೇತಿ ಠೇವಣಿ’ ಕೇಳಿದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬೇಕು.
2. ಬ್ಯಾಂಕಿನ ಒಟಿಪಿ, ಆಧಾರ್, ಪಾಸ್‌ಪೋರ್ಟುಗಳ ಪ್ರತಿಗಳನ್ನು ಬರೀ ಜಾಲತಾಣದ ಪರಿಚಯದ ಮೇಲೆ ಕೊಡಬಾರದು.
3. ಕಂಪನಿಯ ಹೆಸರಿನಲ್ಲಿ ಬಂದ ಸಂದೇಶವನ್ನು ಆ ಕಂಪನಿಯ ಅಧಿಕೃತ ಕಚೇರಿಗೆ ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳಬೇಕು.
4. ವಿದೇಶದ ಕೆಲಸವಾದರೆ, ನೇಮಕಾತಿ ಏಜೆಂಟರು ನೋಂದಾಯಿತರೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬೇಕು.
5. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬೇಕು. ಗಣಕಯಂತ್ರದ ಮೂಲಕ ಬೇರೊಬ್ಬರ ವೇಷ ಧರಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ.

ಪರಿಚಯಗಳ ಬಲವಿಲ್ಲದ ಉದ್ಯೋಗಾರ್ಥಿಗಳಿಗಾಗಿ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯವು 2015ರ ಜುಲೈ 20ರಂದು ರಾಷ್ಟ್ರೀಯ ವೃತ್ತಿ ಸೇವಾ ಜಾಲತಾಣವನ್ನು ಆರಂಭಿಸಿತು. ಅದರಲ್ಲಿ ಉದ್ಯೋಗಾರ್ಥಿಗಳು ಶುಲ್ಕವಿಲ್ಲದೆ ಹೆಸರು ನೋಂದಾಯಿಸಿಕೊಳ್ಳಬಹುದು.

ಉಪಸಂಹಾರ

ಅಂತರ್ಜಾಲವು ದೂರವನ್ನು ಅಳಿಸಿದೆ, ಅವಸರವನ್ನು ಹೆಚ್ಚಿಸಿದೆ. ವಿಶ್ವಾಸ ಬೆಳೆಯಲು ಹಿಡಿಯುವ ಕಾಲವನ್ನು ಮಾತ್ರ ಅದು ಕಡಿಮೆ ಮಾಡಿಲ್ಲ. ಹೇಳಿದ ದಿನಕ್ಕೆ ಕಳುಹಿಸಿದ ಒಂದು ಪುಟ, ಒಪ್ಪಿಕೊಂಡ ಒಂದು ತಪ್ಪು, ಕೇಳದೆಯೇ ಮುಟ್ಟಿಸಿದ ಒಂದು ಸುದ್ದಿ, ಇಂತಹ ಸಣ್ಣ ನಡೆಗಳಿಂದಲೇ ನಮ್ಮ ಹೆಸರಿಗೆ ಬೆಲೆ ಬರುತ್ತದೆ. ಊರಿನ ಮಾಸ್ತರರ ಚೀಟಿ ಇಲ್ಲದೆ ಹೊರಟ ಇಂದಿನ ತರುಣ ತರುಣಿಯರು ತಮ್ಮ ಚೀಟಿಯನ್ನು ತಾವೇ ಬರೆದುಕೊಳ್ಳಬೇಕಾಗಿದೆ. ನಾಳೆ ಬೇರೊಬ್ಬರಿಗೆ ಅದನ್ನು ಬರೆದುಕೊಡುವ ಯೋಗ್ಯತೆಯೂ ಅವರಿಗೆ ಒದಗಲಿ.

ಅಭ್ಯಾಸ

1. ನಿಮ್ಮ ಸ್ವಪರಿಚಯದಲ್ಲಿರುವ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ಉಳಿದುದನ್ನು ಓದಿರಿ. ಉಳಿದುದು ಎರಡು ಸಾಲಿಗಿಂತ ಕಡಿಮೆಯಿದ್ದರೆ ಮಾಡಿದ ಕೆಲಸಗಳನ್ನು ಸೇರಿಸಿ ಮತ್ತೆ ಬರೆಯಿರಿ.
2. ನಿಮ್ಮ ವೃತ್ತಿಯಲ್ಲಿ ನೀವು ಗೌರವಿಸುವ ಅಪರಿಚಿತರೊಬ್ಬರಿಗೆ, ಅವರ ಕೆಲಸವನ್ನು ಓದಿದ ಮೇಲೆ, ಒಂದೇ ಪ್ರಶ್ನೆಯುಳ್ಳ ಪತ್ರ ಬರೆಯಿರಿ.
3. ಕಳೆದ ವರ್ಷ ನಿಮಗೆ ಸಲಹೆ ನೀಡಿದ ಒಬ್ಬರನ್ನು ನೆನಪಿಸಿಕೊಂಡು, ಅದರಿಂದ ಆದ ಪರಿಣಾಮವನ್ನು ಇಂದೇ ಅವರಿಗೆ ತಿಳಿಸಿರಿ.
4. ನೀವು ಯಾರಿಗಾದರೂ ಕೊಟ್ಟ ಶಿಫಾರಸನ್ನು ಪರಿಶೀಲಿಸಿರಿ. ಅದರಲ್ಲಿ ನೀವು ಕಣ್ಣಾರೆ ಕಂಡದ್ದೆಷ್ಟು?